ದೊಡ್ಡಮ್ಮ ಉಳಿಸಿಕೊಟ್ಟ ಕೈ

ಕಡಲೇಕಾಯಿ ಸಿಪ್ಪೆಯ ಹೊಗೆಗೆ ಅದರದೇ ಒಂದು ವಾಸನೆ ಇದೆ. ಅರ್ಧ ಹುರಿದ ಬೀಜದ ಘಮ, ಅರ್ಧ ಸುಟ್ಟ ಮಣ್ಣಿನ ವಾಸನೆ. ನಮ್ಮ ಕಡೆ ಹುಟ್ಟಿ ಬೆಳೆದವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಬೇರೆಯವರಿಗೆ ಎಷ್ಟು ವಿವರಿಸಿದರೂ ತಿಳಿಯುವುದಿಲ್ಲ. ಮೊನ್ನೆ ಕೊರಟಗೆರೆಯಲ್ಲಿ ನೆಂಟರೊಬ್ಬರ ಗೃಹಪ್ರವೇಶಕ್ಕೆ ಹೋಗಿದ್ದೆ. ಮನೆಯೇನೋ ಹೊಸದು. ಬಚ್ಚಲಲ್ಲಿ ಗೀಸರ್ ಇದೆ, ಅಡುಗೆಮನೆಯಲ್ಲಿ ಹೊಗೆ ಎಳೆಯುವ ಯಂತ್ರವೂ ಇದೆ. ಆದರೆ ಹಿಂದುಗಡೆ ಅಡುಗೆಯವರು ಪಾತ್ರೆ ತೊಳೆಯಲು ಬಿಸಿನೀರು ಬೇಕೆಂದು ಕಲ್ಲು ಹೂಡಿ, ಹಂಡೆ ಇಟ್ಟು, ಕೆಳಗೆ ಸಿಪ್ಪೆ ಸುರಿದಿದ್ದರು. ಹೊಗೆ ಎದ್ದಿತು. ರೇಷ್ಮೆ ಸೀರೆ ಉಟ್ಟ ಹೆಂಗಸರೆಲ್ಲ ಸೆರಗನ್ನು ಮೂಗಿಗೆ ಹಿಡಿದು ಒಳಗೆ ಹೋದರು. ನಾನು ಅಲ್ಲೇ ನಿಂತೆ.

"ಹೊಸ ಸೀರೆಗೆ ಹೊಗೆ ಹಿಡಿಯುತ್ತೆ, ಒಳಗೆ ಬಾರೇ" ಎಂದು ನಾದಿನಿ ಕರೆದಳು. ನನ್ನ ಎಡಗೈ ಆಗಲೇ ಬಲಗೈಯ ಮೇಲ್ಭಾಗವನ್ನು ಸವರುತ್ತಿತ್ತು… ಅಲ್ಲಿ ಚರ್ಮ ಇವತ್ತಿಗೂ ಸ್ವಲ್ಪ ನುಣುಪು, ಸ್ವಲ್ಪ ಬಿಳಿಚು. ಇದು ನನಗೇ ಗೊತ್ತಾಗದೆ ನಡೆಯುವ ಕೆಲಸ. ಆ ಹೊಗೆ ಮೂಗಿಗೆ ಬಿತ್ತೆಂದರೆ ಕೈ ಕೈಯನ್ನು ಹುಡುಕುತ್ತದೆ, ಮನಸ್ಸು ದೊಡ್ಡಮ್ಮನನ್ನು ಹುಡುಕುತ್ತದೆ.

ದೊಡ್ಡಮ್ಮ ಎಂದರೆ ಸಂಬಂಧದಲ್ಲಿ ದೊಡ್ಡಮ್ಮ ಅಲ್ಲ. ಮಧುಗಿರಿಯಲ್ಲಿ ಬೆಟ್ಟದ ಬುಡದ ಬೀದಿಯೊಂದರಲ್ಲಿ ನಮ್ಮ ಮನೆ. ಅಪ್ಪನದು ಕಡಲೇಕಾಯಿ ವ್ಯಾಪಾರ. ಮನೆಯ ಹಿಂದೆ ಹಿತ್ತಲು, ಹಿತ್ತಲಿನ ಆ ತುದಿಗೆ ಹೆಂಚಿನ ಪುಟ್ಟ ಮನೆ, ಅದರಲ್ಲಿ ಬಾಡಿಗೆಗೆ ಅವರು. ಗಂಡ ಹೆಂಡತಿ ಇಬ್ಬರೇ, ಮಕ್ಕಳಿರಲಿಲ್ಲ. ಕುರಿ ಸಾಕುವ ಮನೆತನದವರು, ಆಂಧ್ರದ ಗಡಿಗೆ ತಾಗಿದ ಪಾವಗಡ ತಾಲ್ಲೂಕಿನ ನಿಡುಗಲ್ ಕಡೆಯವರು. ಗಂಡ ಕಂಬಳಿಯ ಗಂಟು ಹೊತ್ತು ಶಿರಾ ಸಂತೆ, ಅಲ್ಲಿಂದ ಇನ್ನೊಂದು ಸಂತೆ ಎಂದು ಸುತ್ತುತ್ತಿದ್ದರು. ದೊಡ್ಡಮ್ಮ ಬಾಗಿಲಲ್ಲಿ ಕಂಬಳಿ ಹಾಸಿಕೊಂಡು ಕೂತು ಉಣ್ಣೆ ಹಿಂಜುತ್ತಿದ್ದರು, ರಾಟೆ ತಿರುಗಿಸಿ ನೂಲು ತೆಗೆಯುತ್ತಿದ್ದರು.

ಬಾಯಿ ಮಾತ್ರ ಬಲು ಜೋರು. ಅವರ ಬಾಗಿಲಿನಿಂದ ನಮ್ಮ ಅಡುಗೆಮನೆಯ ಕಿಟಕಿ ನೇರ ಕಾಣುತ್ತಿತ್ತು, ಅದೊಂದು ನಮ್ಮ ಗ್ರಹಚಾರ. ಒಗ್ಗರಣೆ ಸೀದರೆ ಅಮ್ಮನಿಗಿಂತ ಮೊದಲು ಅವರಿಗೆ ಗೊತ್ತಾಗುತ್ತಿತ್ತು. "ಏನ್ ತಾಯಿ, ಯಾರ್ ಮ್ಯಾಲಿನ ಸಿಟ್ಟು ಸಾಸ್ವೆ ಮ್ಯಾಲೆ ತೀರುಸ್ಕಂತಿದ್ದೀ" ಎಂದು ಅಲ್ಲಿಂದಲೇ ಕೇಳುವರು. ನಮ್ಮ ಅಜ್ಜಿಗೂ ಅವರಿಗೂ ದಿನಾ ಬೆಳಿಗ್ಗೆ ಏನಾದರೊಂದು ಜಗಳ ಆಗಬೇಕು, ಆಮೇಲೆ ಇಬ್ಬರೂ ಒಂದೇ ಎಲೆ ಅಡಿಕೆ ತಟ್ಟೆಗೆ ಕೈ ಹಾಕಬೇಕು. ಆಗದ ದಿನ ಅಜ್ಜಿಗೆ ಮೈಯಲ್ಲಿ ಹುಷಾರಿಲ್ಲ ಎಂದು ನಾವು ತಿಳಿಯುತ್ತಿದ್ದೆವು.

ಅವರ ಎಡಗೈಯನ್ನು ನಾವು ಮಕ್ಕಳು ಸರಿಯಾಗಿ ನೋಡಿದ್ದೇ ಇಲ್ಲ. ಅದು ಯಾವಾಗಲೂ ಸೆರಗಿನ ಒಳಗೆ, ಇಲ್ಲವೇ ತೊಡೆಯ ಮೇಲಿನ ಕಂಬಳಿಯ ಮಡಿಕೆಯಲ್ಲಿ. ನೂಲು ತೆಗೆಯುವಾಗ ಒಂದಿಷ್ಟು ಕಾಣುತ್ತಿತ್ತು. ಹೆಬ್ಬೆರಳೊಂದು ಬಿಡಿಯಾಗಿತ್ತು, ಉಳಿದವು ಒಂದಕ್ಕೊಂದು ಅಂಟಿಕೊಂಡು ಅಂಗೈಯೊಳಕ್ಕೆ ಮುದುರಿದ್ದವು. ನನಗೆ ಆ ಕೈಯೆಂದರೆ ಭಯ. ಏನಾಗಿತ್ತು ಎಂದು ಅಮ್ಮನನ್ನು ಕೇಳಿದರೆ, "ಹುಟ್ಟಿದಾಗಿಂದ ಹಂಗೇ ಇರ್ಬೇಕು, ಅವರನ್ನ ಕೇಳ್ಬೇಡ" ಎಂದು ಬಾಯಿ ಮುಚ್ಚಿಸುತ್ತಿದ್ದಳು. ನಾವು ಕೇಳಲಿಲ್ಲ, ಅವರು ಹೇಳಲಿಲ್ಲ.

ನಮ್ಮ ಬಚ್ಚಲುಮನೆ ಹಿತ್ತಲಿನಲ್ಲೇ ಇತ್ತು. ತಗ್ಗಿನ ಹೆಂಚು, ಕಿಟಕಿ ಇಲ್ಲ, ಮೂಲೆಯಲ್ಲಿ ಹಂಡೆ ಒಲೆ. ಅಪ್ಪನ ವ್ಯಾಪಾರದಿಂದಾಗಿ ಮೂಟೆಗಟ್ಟಲೆ ಸಿಪ್ಪೆ ಮನೆಗೆ ಬರುತ್ತಿತ್ತು, ಒಲೆಗೆ ಅದೇ ಉರುವಲು. ಒಣಗಿದ ಸಿಪ್ಪೆ ಚೆನ್ನಾಗಿ ಉರಿಯುತ್ತದೆ. ಸ್ವಲ್ಪ ತೇವ ತಾಗಿತೋ, ಮುನಿಸಿಕೊಂಡ ಅಳಿಯನ ಹಾಗೆ ಮಾತೂ ಇಲ್ಲ ಕತೆಯೂ ಇಲ್ಲ, ಬರೀ ಹೊಗೆ. ಅದಕ್ಕೆಂದೇ ಒಲೆಯ ಮೇಲಿನ ಗೂಡಿನಲ್ಲಿ ಸೀಮೆಎಣ್ಣೆಯ ಬಾಟಲಿ ಇರುತ್ತಿತ್ತು. ಹೊಗೆಯಾಡುವ ಸಿಪ್ಪೆಯ ಮೇಲೆ ಒಂದಿಷ್ಟು ಎಣ್ಣೆ ಚಿಮುಕಿಸಿ ಕಡ್ಡಿ ಗೀರುವುದು. ಅಜ್ಜಿ ಹಾಗೇ ಮಾಡುತ್ತಿದ್ದಳು, ಅಮ್ಮ ಹಾಗೇ ಮಾಡುತ್ತಿದ್ದಳು, ನಮ್ಮ ಬೀದಿಯ ಯಾವ ಬಚ್ಚಲಿಗೆ ಹೋದರೂ ಗೂಡಿನಲ್ಲಿ ಅದೇ ಬಾಟಲಿ, ಮುಚ್ಚಳದ ಬದಲು ಅದೇ ಬಟ್ಟೆಯ ಬಿರಡೆ. ಕಡಲೇಕಾಯಿ ಬೆಳೆಯುವ ಊರಿನ ನಮಗೆ ಅದು ಹಲ್ಲುಜ್ಜಿದಷ್ಟೇ ಸಹಜವಾದ ಕೆಲಸ.

ಆಗ ನನ್ನ ಪಿಯುಸಿ ಮುಗಿದಿತ್ತು, ಹೊಲಿಗೆ ಕಲಿಯಲು ಹೋಗುತ್ತಿದ್ದೆ. ಕಲಿತದ್ದು ಚೂರು, ಆಸೆ ಮಾತ್ರ ಬೆಟ್ಟದಷ್ಟು. ಅಪ್ಪ ಶಿರಾದಿಂದ ತಂದುಕೊಟ್ಟ ಮಿರಿಮಿರಿ ಪಾಲಿಯೆಸ್ಟರ್ ಬಟ್ಟೆಯಲ್ಲಿ ನನಗೆ ನಾನೇ ಒಂದು ಚೂಡಿದಾರ್ ಹೊಲಿದುಕೊಂಡಿದ್ದೆ. ತೋಳು ಮೊಣಕೈವರೆಗೆ ಬಿಗಿ, ಅಲ್ಲಿಂದಾಚೆ ಗಂಟೆಯ ಹಾಗೆ ಅಗಲ. ಸಿನಿಮಾ ನಾಯಕಿಯರೆಲ್ಲ ಅಂಥದ್ದೇ ತೋಳು ಬೀಸಿಕೊಂಡು ಓಡಾಡುತ್ತಿದ್ದ ಕಾಲ. ಅದನ್ನು ಹಾಕಿಕೊಂಡು ಹಿತ್ತಲಿಗೆ ಬಂದ ಮೊದಲ ದಿನ ದೊಡ್ಡಮ್ಮ ರಾಟೆ ನಿಲ್ಲಿಸಿ ನೋಡಿದರು. "ತೋಳಾಗೆ ಇನ್ನೊಬ್ಬಳು ಇರಬೋದು ಕಣಮ್ಮಿ" ಎಂದರು. ನಾನು ಮುಖ ಊದಿಸಿಕೊಂಡು ಒಳಗೆ ಹೋದೆ.

ಅದೊಂದು ಸೋಮವಾರ. ನಮ್ಮದು ಶಿವಪೂಜೆಯ ಮನೆ, ಸೋಮವಾರ ಎಲ್ಲರದೂ ತಲೆಸ್ನಾನ ಆಗಿ ಪೂಜೆ ಮುಗಿಯುವವರೆಗೆ ಒಲೆಯ ಮೇಲೆ ತಿಂಡಿ ಏರುವಂತಿಲ್ಲ. ಹಿಂದಿನ ಸಂಜೆ ಸಣ್ಣ ಮಳೆ ಬಿದ್ದು ಸಿಪ್ಪೆಯ ಮೂಟೆ ನೆನೆದಿತ್ತು. ನೀರು ಕಾಯಿಸುವ ಸರದಿ ನನ್ನದು. ಊದುಕೊಳವೆಯಲ್ಲಿ ಊದಿ ಊದಿ ಕೆನ್ನೆ ನೋಯತೊಡಗಿತು, ಬಚ್ಚಲಿಡೀ ಬಿಳೀ ಹೊಗೆ ತುಂಬಿತು, ಉರಿ ಮಾತ್ರ ಇಲ್ಲ. ಗೂಡಿಗೆ ಕೈ ಹಾಕಿ ಎಣ್ಣೆ ಚಿಮುಕಿಸಿದೆ. ಆಗಲೂ ಉರಿ ಏಳಲಿಲ್ಲ. ಬಗ್ಗಿ ಕಡ್ಡಿ ಗೀರಿದೆ.

ಭಗ್ ಎಂದು ಒಲೆಯ ಬಾಯಿಂದ ಉರಿ ಆಚೆ ಬಂತು. ಒಲೆಯೊಳಗಿನ ಉರಿಯಲ್ಲ, ನನ್ನ ಮುಂದಿನ ಗಾಳಿಯೇ ಹೊತ್ತಿಕೊಂಡ ಹಾಗೆ… ಬಿಸಿ ಸಿಪ್ಪೆಯ ಮೇಲೆ ಬಿದ್ದ ಎಣ್ಣೆ ಆವಿಯಾಗಿ ನಿಂತಿತ್ತೆಂದು ಆಮೇಲೆ ತಿಳಿಯಿತು. ಹುಬ್ಬಿನ ಕೂದಲು ಚುರುಗುಟ್ಟಿದ್ದು ನೆನಪಿದೆ. ಕೆಳಗೆ ನೋಡಿದರೆ ಬಲತೋಳಿನ ಗಂಟೆ ಉರಿಯುತ್ತಿತ್ತು. ಪಾಲಿಯೆಸ್ಟರ್ ಸುಡುವುದಷ್ಟೇ ಅಲ್ಲ, ಕರಗುತ್ತದೆ, ಕರಗಿ ಅಂಟುತ್ತದೆ. ನಾನು ಕಿರುಚಿಕೊಂಡು ಓಡಿದೆ. ಬೆಂಕಿ ಹತ್ತಿದವರು ಓಡಬಾರದು ಎಂದು ಈಗ ಯಾರು ಬೇಕಾದರೂ ಹೇಳುತ್ತಾರೆ. ಹತ್ತಿದಾಗ ಕಾಲು ಯಾರ ಮಾತೂ ಕೇಳುವುದಿಲ್ಲ. ಹಿತ್ತಲ ಗಾಳಿಗೆ ಉರಿ ಮೊಣಕೈ ದಾಟಿತು.

"ಆಗವೇ, ಆಗು" ಎಂದು ದೊಡ್ಡಮ್ಮ ಕೂಗಿದ್ದು ಕೇಳಿಸಿತು. ಗಾಬರಿಯಾದರೆ ಅವರಿಗೆ ಬಾಯಿಗೆ ಬರುತ್ತಿದ್ದುದು ತೆಲುಗು. ನಿಲ್ಲು ಎನ್ನುತ್ತಿದ್ದರು, ನಾನು ನಿಲ್ಲಲಿಲ್ಲ. ಅವರು ಕೂತಿದ್ದ ಕಂಬಳಿಯನ್ನೇ ಎಳೆದುಕೊಂಡು ಎದ್ದು ಬಂದು ನನ್ನ ಕಾಲಿಗೆ ಕಾಲು ಕೊಟ್ಟು ಕೆಡವಿದರು. ಕೆಸರಿನ ಮೇಲೆ ಬಿದ್ದ ನನ್ನ ಮೇಲೆ ಆ ಕರೀ ಕಂಬಳಿ ಬಿತ್ತು, ಕಂಬಳಿಯ ಮೇಲೆ ಅವರೂ ಬಿದ್ದರು. ಕುರಿಯ ಉಣ್ಣೆ ಬೇಗ ಹೊತ್ತಿಕೊಳ್ಳುವುದಿಲ್ಲ. ಕೂದಲು ಸುಟ್ಟ ನಾತ ಬರುತ್ತದೆ, ಅಷ್ಟೆ. ಆ ನಾತದೊಳಗೆ, ಕತ್ತಲೆಯಲ್ಲಿ, ನನ್ನ ತೋಳನ್ನು ಒಂದು ಗಟ್ಟಿ ಗಂಟಿನಂಥದ್ದು ಒತ್ತಿ ಹಿಡಿದದ್ದು ಗೊತ್ತಾಯಿತು. ಅದು ಅವರ ಎಡಗೈ. ಕಂಬಳಿಯ ಹೊರಗಿದ್ದ ಚೂಡಿದಾರ್ ತೋಳಿನ ತುದಿ ಇನ್ನೂ ಉರಿಯುತ್ತಿತ್ತು, ಅದನ್ನು ಬರಿಗೈಯಲ್ಲೇ ಅದುಮಿ ಆರಿಸಿದ್ದರು. ಆ ಕೈಗೂ ಬೊಬ್ಬೆ ಎದ್ದಿದ್ದು ಆಮೇಲೆ ಕಂಡಿತು. ಅಮ್ಮ ಅದನ್ನು ನೋಡಿ ಅತ್ತಾಗ ಅವರು ಹೇಳಿದ್ದು ಇಷ್ಟೇ: "ಕೆಟ್ಟಿರೋ ಕೈ ತಾನೆ, ಇನ್ನೇನ್ ಕೆಡ್ತೈತೆ ಬುಡು."

ಬೆಂಕಿ ಆರಿತ್ತು. ನನ್ನ ಬಲಗೈ ಇನ್ನೂ ಒಳಗೊಳಗೇ ಬೇಯುತ್ತಿತ್ತು. ಆಗ ನಡೆದದ್ದನ್ನು ನಾನು ಎಷ್ಟು ಸಲ ಎಷ್ಟು ಜನರ ಮುಂದೆ ಹೇಳಿದ್ದೇನೋ.

ಕೂಗು ಕೇಳಿ ಬೀದಿಯೇ ನಮ್ಮ ಹಿತ್ತಲಿಗೆ ನುಗ್ಗಿತು. ಅಮ್ಮ ದೋಸೆಹಿಟ್ಟಿನ ಪಾತ್ರೆ ತಂದಳು. ಪಕ್ಕದ ಮನೆಯವರು ಇಂಕಿನ ಬಾಟಲಿ ತಂದರು, ಇನ್ನಾರೋ ಟೂತ್‌ಪೇಸ್ಟ್. ಎಲ್ಲರದೂ ಒಳ್ಳೇ ಮನಸ್ಸೇ, ಎಲ್ಲರ ಕೈಯಲ್ಲೂ ಅವರವರ ಮನೆಯ ಮದ್ದು. ಒಂದು ವಿಷಯದಲ್ಲಿ ಮಾತ್ರ ಎಲ್ಲರೂ ಒಂದೇ ಮಾತು: ಸುಟ್ಟ ಗಾಯಕ್ಕೆ ನೀರು ಸೋಕಿಸಬಾರದು, ಬೊಬ್ಬೆ ಏಳುತ್ತದೆ. ನೀರನ್ನು ಕೊಡಗಳ ಲೆಕ್ಕದಲ್ಲಿ ಉಳಿಸಬೇಕಾದ ನಮ್ಮಂಥ ಊರಲ್ಲಿ ಆ ನಂಬಿಕೆ ಬೇರು ಬಿಟ್ಟಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ ಎಂದು ಈಗ ಅನಿಸುತ್ತದೆ. ನಲ್ಲಿಯಲ್ಲಿ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಆ ವಾರ ಬಂದೇ ಇರಲಿಲ್ಲ.

ದೊಡ್ಡಮ್ಮ ದೋಸೆಹಿಟ್ಟಿನ ಪಾತ್ರೆಯನ್ನು ಮೊಣಕೈಯಿಂದ ತಳ್ಳಿದರು. ಕೈ ಊದಿಕೊಳ್ಳುವ ಮೊದಲೇ ನನ್ನ ಕೈಬಳೆಗಳನ್ನು ಅಲ್ಲೇ ಕಲ್ಲಿಗೆ ಕುಟ್ಟಿ ಒಡೆದು ತೆಗೆದರು. "ನೀರ್ ತಾ" ಎಂದರು. ಹಂಡೆಯಲ್ಲಿದ್ದದ್ದು ಹೊಗೆ ಹಿಡಿದ ಉಗುರುಬೆಚ್ಚನೆ ನೀರು. ಅಡುಗೆಮನೆಯ ಡ್ರಮ್ಮಿನ ತಳದಲ್ಲಿ ಒಂದಿಷ್ಟು ಇತ್ತು. ತಣ್ಣಗೆ, ತುಂಬಿಕೊಂಡು ಹತ್ತಿರದಲ್ಲಿದ್ದದ್ದು ಒಂದೇ, ಹಿಂಬಾಗಿಲ ಪಕ್ಕದ ದೇವರ ಮೂಲೆಯಲ್ಲಿದ್ದ ಅಜ್ಜಿಯ ಹಿತ್ತಾಳೆ ಬಿಂದಿಗೆ. ಲಿಂಗಪೂಜೆಗೆಂದು ಅಜ್ಜಿ ಬೆಳಗ್ಗೆ ಒದ್ದೆಬಟ್ಟೆಯಲ್ಲಿ ದೂರದ ಬಾವಿಗೆ ಹೋಗಿ ಸೇದಿ ತರುತ್ತಿದ್ದ ನೀರು. ಅದನ್ನು ನಾವು ಮೊಮ್ಮಕ್ಕಳೂ ಮುಟ್ಟುವಂತಿರಲಿಲ್ಲ. ಅಮ್ಮ ಮುಟ್ಟಬೇಕಾದರೂ ಸ್ನಾನ ಆಗಿರಬೇಕು. ಇನ್ನು ಹಿತ್ತಲ ಮನೆಯ ದೊಡ್ಡಮ್ಮ ಆ ಹೊಸ್ತಿಲ ಒಳಕ್ಕೇ ಯಾವತ್ತೂ ಕಾಲಿಟ್ಟವರಲ್ಲ.

ಆವತ್ತು ಇಟ್ಟರು. ಕೆಸರುಗಾಲಲ್ಲಿ ಒಳಗೆ ಹೋಗಿ ಬಿಂದಿಗೆಯನ್ನು ಸೊಂಟಕ್ಕೇರಿಸಿಕೊಂಡು ಬಂದರು. ಅಜ್ಜಿ ಬಾಗಿಲಲ್ಲಿ ನಿಂತಿದ್ದಳು, ಹಣೆಗೆ ವಿಭೂತಿ ಇಟ್ಟುಕೊಂಡು. ದೊಡ್ಡಮ್ಮ ಅವಳನ್ನು ನೋಡಿದರು, ಅವಳು ದೊಡ್ಡಮ್ಮನನ್ನು ನೋಡಿದಳು. ಆಮೇಲೆ ಅಜ್ಜಿ ನನ್ನ ಕೈ ನೋಡಿದಳು.

"ಹುಯ್ಯಿ," ಎಂದಳು ಅಜ್ಜಿ. "ನೋಡ್ತಾ ನಿಂತ್ಕಬ್ಯಾಡ, ಹುಯ್ಯಿ. ಶಿವನಿಗೇನು ಅವಸ್ರ, ನಾಳೆ ಹುಯ್ಕಂತಾನೆ."

"ಬೊಬ್ಬೆ ಏಳ್ತವೆ ಅಜ್ಜೀ" ಎಂದು ಯಾರೋ ಅಂದರು.

"ಎದ್ರೆ ಏಳ್ಲಿ," ಎಂದರು ದೊಡ್ಡಮ್ಮ. "ಬೊಬ್ಬೆ ಹೋಗ್ತೈತೆ. ಕೈ ಹೋದ್ರೆ ಬರಾಕಿಲ್ಲ."

ಸುರಿದರು. ನಿಧಾನಕ್ಕೆ, ಬಿಂದಿಗೆ ಬಗ್ಗಿಸಿ, ಭುಜದಿಂದ ಬೆರಳ ತುದಿಯವರೆಗೆ ಒಂದೇ ಸಮನೆ ಹರಿಯುವ ಹಾಗೆ. ಅಂಟಿದ ಬಟ್ಟೆಯನ್ನು ಅಮ್ಮ ಕೀಳಹೋದರೆ ಕೈ ಮೇಲೆ ಹೊಡೆದರು. ಬಿಂದಿಗೆ ಖಾಲಿಯಾಯಿತು, ಡ್ರಮ್ಮಿನ ತಳ ಮುಗಿಯಿತು, ದೊಡ್ಡಮ್ಮನ ಮನೆಯ ಕೊಡ ಮುಗಿಯಿತು. ನನ್ನ ಉರಿ ಮುಗಿದಿರಲಿಲ್ಲ. ಆಗ ಇಂಕು ತಂದಿದ್ದ ಪಕ್ಕದ ಮನೆಯವರು ಮಾತಿಲ್ಲದೆ ಹೋಗಿ ತಮ್ಮ ಕೊಡ ತಂದಿಟ್ಟರು. ಅವರ ಹಿಂದೆ ಇನ್ನೊಬ್ಬರು, ಇನ್ನೊಬ್ಬರು… ನಲ್ಲಿ ಮುಂದೆ ಒಂದು ಚೊಂಬಿಗಾಗಿ ಜುಟ್ಟು ಹಿಡಿಯುತ್ತಿದ್ದ ಹೆಂಗಸರು ಅವರು. ಕುಡಿಯಲು ಇಟ್ಟುಕೊಂಡಿದ್ದ ನೀರನ್ನು ತಂದು ನನ್ನ ಕೈ ಮೇಲೆ ಸುರಿಯಲು ಕೊಟ್ಟರು. ಹಿತ್ತಲಲ್ಲಿ ಕಾಲುವೆಯೇ ಹರಿಯಿತು. ಆವತ್ತು ನಮ್ಮ ಬೀದಿಯಲ್ಲಿ ಎಷ್ಟು ಮನೆಗಳಲ್ಲಿ ಮಧ್ಯಾಹ್ನದ ಅಡುಗೆಗೆ ನೀರಿರಲಿಲ್ಲವೋ ನನಗೆ ಗೊತ್ತಿಲ್ಲ. ಯಾರೂ ಆ ಮಾತನ್ನು ಮುಂದೆಂದೂ ಎತ್ತಲಿಲ್ಲ. ಅವರೆಲ್ಲರ ಋಣ ನನ್ನ ಮೇಲಿದೆ.

ಆಸ್ಪತ್ರೆಯಲ್ಲಿ ಡಾಕ್ಟರು ಕೈ ಬಿಚ್ಚಿ ನೋಡಿ, "ನೀರು ಹಾಕಿದ್ದು ಯಾರು?" ಎಂದು ಕೇಳಿದರು. ಬೈಯುತ್ತಾರೆಂದು ದೊಡ್ಡಮ್ಮ ಮೆಲ್ಲಗೆ ಅಪ್ಪನ ಬೆನ್ನ ಹಿಂದೆ ಸರಿದರು. ಅಷ್ಟು ಬಾಯಿಯ ಹೆಂಗಸು ಹಾಗೆ ಅಡಗಿದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ಡಾಕ್ಟರು ಬೈಯಲಿಲ್ಲ. ಒಳ್ಳೆಯದಾಯಿತು ಎಂದರು. ಆದರೂ ಕೈಯ ಮೇಲ್ಭಾಗ ಮತ್ತು ಬೆರಳುಗಳಲ್ಲಿ ಸುಟ್ಟದ್ದು ಆಳವಾಗಿದೆ, ಮಾಯುವಾಗ ಚರ್ಮ ಎಳೆದುಕೊಂಡು ಬೆರಳು ಮುದುರುತ್ತವೆ, ನೋವಾದರೂ ದಿನಾ ಬೆರಳು ಬಿಡಿಸಿ ಮಡಚಬೇಕು, ಬಿಟ್ಟರೆ ಕೈ ಹೋಯಿತು ಎಂದು ಅಪ್ಪನಿಗೆ ಬಿಡಿಸಿ ಹೇಳಿದರು. ಅದು ದೊಡ್ಡಮ್ಮನ ಕಿವಿಗೂ ಬಿತ್ತು.

ಪಟ್ಟಿ ಬದಲಾಯಿಸಲು ಹೋದಾಗಲೆಲ್ಲ ಆಸ್ಪತ್ರೆಯ ಬೆಂಚಿನ ಮೇಲೆ ನನ್ನಂಥವರು ಕೂತಿರುತ್ತಿದ್ದರು. ಉರಿಯುತ್ತಿದ್ದ ಸ್ಟೌ ಆರಿಸದೆ ಎಣ್ಣೆ ತುಂಬಲು ಹೋದ ಹೊಸ ಮದುವಣಗಿತ್ತಿ. ಹೊತ್ತಿಕೊಂಡ ಬಾಣಲೆಯ ಎಣ್ಣೆಗೆ ನೀರು ಚೆಲ್ಲಿ ಮುಖವೆಲ್ಲ ಸುಟ್ಟುಕೊಂಡ ಬೋಂಡಾ ಅಂಗಡಿಯವನ ಹೆಂಡತಿ, ಅದೂ ಅಂಗಡಿಯಲ್ಲಲ್ಲ, ಮನೆಯಲ್ಲಿ, ಮಕ್ಕಳಿಗೆಂದು ಮಾಡುವಾಗ. ಬೀಡಿ ಹಚ್ಚಿಕೊಂಡೇ ಹಾಸಿಗೆಯಲ್ಲಿ ನಿದ್ದೆ ಹೋದ ತಾತ. ದೀಪಕ್ಕೆ ನಮಸ್ಕಾರ ಮಾಡುವಾಗ ಸೆರಗು ತಾಗಿಸಿಕೊಂಡವಳು. ಇನ್ನೊಬ್ಬಾಕೆ ಹೊತ್ತಿದ ಗುಡಿಸಲಿನಿಂದ ಹೊರಗೆ ಬಂದವಳು, ಪೆಟ್ಟಿಗೆ ತರುತ್ತೇನೆಂದು ಮತ್ತೆ ಒಳಗೆ ಹೋಗಿದ್ದಳಂತೆ. ಎಲ್ಲರೂ ತಮ್ಮ ಮನೆಯಲ್ಲಿ, ದಿನಾ ಮಾಡುವ ಕೆಲಸ ಮಾಡುತ್ತಾ ಸುಟ್ಟುಕೊಂಡವರು. ಯಾರಿಗೂ ಅದು ಅಪಾಯ ಎಂದು ಅನಿಸಿಯೇ ಇರಲಿಲ್ಲ. ದೊಡ್ಡಮ್ಮ ನನ್ನ ಜೊತೆ ಬಂದು ಆ ಬೆಂಚಿನಲ್ಲಿ ಕೂತು ಪ್ರತಿಯೊಬ್ಬರನ್ನೂ ವಿಚಾರಿಸುತ್ತಿದ್ದರು. ವಿಚಾರಿಸಿ, ಕೊನೆಗೆ ಬೈಯುತ್ತಿದ್ದರು. ಅವರ ಅಕ್ಕರೆ ಬರುತ್ತಿದ್ದ ದಾರಿಯೇ ಅದು.

ಅವರನ್ನು ದೊಡ್ಡ ಜ್ಞಾನಿ ಎಂದು ಯಾರೂ ತಿಳಿಯಬಾರದು. ಗಾಯ ಮಾಯಲಿಕ್ಕೆ ಕುರಿಯ ಕಾಲುಸೂಪು ಕುಡಿಸಬೇಕೆಂದು ನಮ್ಮ ಶಿವಪೂಜೆಯ ಮನೆಯಲ್ಲಿ ಗಟ್ಟಿಯಾಗಿ ಹೇಳಿ, ಅಜ್ಜಿ ಕಿವಿ ಮುಚ್ಚಿಕೊಳ್ಳುವಂತೆ ಮಾಡಿದವರು. ನನಗೆ ತಾಗಿದ್ದು ಬೆಂಕಿಯಲ್ಲ, ಆ ಚೂಡಿದಾರ್ ನೋಡಿದವರ ಕಣ್ಣು ಎಂದು ಒಣಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿ, ಮನೆಮಂದಿಯೆಲ್ಲ ಕೆಮ್ಮಿ ಕೆಮ್ಮಿ ಬೀದಿಗೆ ಬರುವಂತೆ ಮಾಡಿದವರು. ಚೂಡಿದಾರನ್ನು ಮೊದಲು ಆಡಿಕೊಂಡದ್ದು ಅವರೇ ಎಂಬುದು ಅವರಿಗೆ ಮರೆತೇ ಹೋಗಿತ್ತು.

ಪಟ್ಟಿ ಬಿಚ್ಚಿದ ಮೇಲೆ ನಿಜವಾದ ಕಷ್ಟ ಶುರುವಾಯಿತು. ಬೆರಳು ಮಡಚಿದರೆ ಪ್ರಾಣ ಹೋದಂತಾಗುತ್ತಿತ್ತು. ಹೊಸ ಚರ್ಮ ಬಿರಿದು ನೀರು ಒಸರುತ್ತಿತ್ತು. ಅಮ್ಮ ನನ್ನ ಕೈ ಹಿಡಿದು ಬಿಡಿಸಲು ಕೂತರೆ, ನಾನು ಅಳುವುದಕ್ಕೆ ಮೊದಲು ಅವಳೇ ಅಳುವಳು. "ಇವತ್ತು ಬೇಡ ಬಿಡು, ನಾಳೆ ಮಾಡೋಣ" ಎನ್ನುವಳು. ನಾಳೆಯೂ ಅದೇ ಮಾತು. ಬೆರಳುಗಳು ಮೆಲ್ಲಗೆ ಒಳಕ್ಕೆ ಬಾಗತೊಡಗಿದವು. ಹೊಲಿಗೆ ಹೋಯಿತು ಎಂದು ನಾನೂ ಒಳಗೊಳಗೇ ಕೈಚೆಲ್ಲಿದ್ದೆ. ಸೂಜಿ ಹಿಡಿಯುವುದಿರಲಿ, ತುತ್ತು ಕಲಸುವುದೂ ಆಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ದೊಡ್ಡಮ್ಮ ಬಂದು ಅಮ್ಮನಿಗೆ, "ತಾಯಿ, ನೀನು ಒಳಾಗೋಗು" ಎಂದರು. ನನ್ನನ್ನು ತಮ್ಮ ಬಾಗಿಲಿಗೆ ಕರೆದುಕೊಂಡು ಹೋಗಿ ಕಂಬಳಿಯ ಮೇಲೆ ಕೂರಿಸಿದರು. ತೊಳೆದು ಒಣಗಿಸಿದ ಕುರಿ ಉಣ್ಣೆಯನ್ನು ಮುಂದೆ ಹಾಕಿ, "ಹಿಂಜು" ಎಂದರು. ಉಣ್ಣೆ ಹಿಂಜುವುದೆಂದರೆ ಗಂಟುಗಟ್ಟಿದ ತುಪ್ಪಟವನ್ನು ಬೆರಳ ತುದಿಗಳಿಂದ ಎಳೆ ಎಳೆಯಾಗಿ ಬಿಡಿಸುವುದು. ಪ್ರತಿ ಬೆರಳೂ ಬೇರೆ ಬೇರೆಯಾಗಿ ಆಡಬೇಕು. ನಾನು ಒಂದು ಎಳೆ ಎಳೆದೆ, ನೋವಿಗೆ ಕಿರುಚಿದೆ, ಉಣ್ಣೆ ಎಸೆದು ಎದ್ದೆ. ನನ್ನಿಂದ ಆಗುವುದಿಲ್ಲ, ನನ್ನನ್ನು ಬಿಟ್ಟುಬಿಡಿ ಎಂದೆ.

ಅವರು ಬೈಯಲಿಲ್ಲ. ಸೆರಗಿನ ಒಳಗಿಂದ ಎಡಗೈಯನ್ನು ತೆಗೆದು ನನ್ನ ಮುಂದೆ ಕಂಬಳಿಯ ಮೇಲಿಟ್ಟರು. ಬೆಳಕಿನಲ್ಲಿ, ಇಷ್ಟು ಹತ್ತಿರದಲ್ಲಿ, ಪೂರ್ತಿಯಾಗಿ.

"ನೋಡು," ಎಂದರು. "ಚಿಕ್ಕೋಳಿದ್ದಾಗ ಒಲೆ ಮುಂದೆ ಎಡವಿ ಕೆಂಡದ್ ಮ್ಯಾಲೆ ಬಿದ್ದೆ. ನೀರು ದೂರ, ಯಾರ್ ತರ್ತಾರೆ. ನಮ್ಮವ್ವ ಬೂದಿ ಹಚ್ಚುದ್ಲು, ಸಗಣಿ ಮೆತ್ತುದ್ಲು. ನಾಕೂ ಬೆಳ್ಳು ಸೇರ್ಸಿ ಬಟ್ಟೆ ಸುತ್ತುದ್ಲು. ಸೇರ್ಸಿ ಕಟ್ಟಿದ್ದು ಸೇರ್ಕಂಡೇ ಉಳೀತು."

ನಾನು ಕೂತೆ.

"ಬಿಚ್ಚಿ ಬಿಡ್ಸನ ಅಂದ್ರೆ ನಾನು ಅಳ್ತಿದ್ದೆ. ಅವ್ವನ್ ಕೈಲಿ ನೋಡಾಕಾಗ್ಲಿಲ್ಲ. ಬುಡು ಅಂದ್ಲು, ನಾಳೆ ಅಂದ್ಲು. ಅವ್ಳ ತಪ್ಪಲ್ಲ, ಮುದ್ದು ಮಾಡುದ್ಲು." ನಾನು ಎಸೆದಿದ್ದ ಉಣ್ಣೆಯನ್ನು ಎಳೆದು ಮತ್ತೆ ನನ್ನ ಮುಂದೆ ಹಾಕಿದರು. "ನಿಮ್ಮಮ್ಮನೂ ಮುದ್ದು ಮಾಡ್ತಾಳೆ. ನಾನ್ ಮಾಡಕಿಲ್ಲ. ಹಿಂಜು."

ಅವರು ಬೆಳೆದು ದೊಡ್ಡವರಾದ ಮೇಲೆ ಯಾವುದೋ ಆಸ್ಪತ್ರೆಯಲ್ಲಿ ಒಬ್ಬ ನರ್ಸಮ್ಮ ಆ ಕೈ ನೋಡಿ, ಆವತ್ತೇ ತಣ್ಣೀರು ಸುರಿದು, ಬೆರಳು ಬಿಡಿಬಿಡಿಯಾಗಿ ಕಟ್ಟಿದ್ದರೆ ಇಷ್ಟಾಗುತ್ತಿರಲಿಲ್ಲ ಎಂದಿದ್ದರಂತೆ. ದೊಡ್ಡಮ್ಮನಿಗೆ ಗೊತ್ತಿದ್ದದ್ದು ಅದೊಂದೇ ಮಾತು. ತನಗೆ ಉಪಯೋಗಕ್ಕೆ ಬಾರದ ಆ ಮಾತನ್ನು ಅಷ್ಟು ವರ್ಷ ಜೋಪಾನ ಮಾಡಿಕೊಂಡು ಬಂದು, ನನಗೆ ಬೇಕಾದ ಹೊತ್ತಿಗೆ ಖರ್ಚು ಮಾಡಿದರು.

ಹಿಂಜಿದೆ. ಅಳುತ್ತಾ ಹಿಂಜಿದೆ, ಅವರನ್ನು ಶಪಿಸುತ್ತಾ ಹಿಂಜಿದೆ. "ಏಡವಕೇ ತಲ್ಲೀ" ಎಂದು, ಅಳಬೇಡ ಎಂದು, ತೆಲುಗಿನಲ್ಲಿ ರಮಿಸುತ್ತಲೇ ಇನ್ನೊಂದು ಹಿಡಿ ಉಣ್ಣೆ ಮುಂದೆ ತಳ್ಳುತ್ತಿದ್ದರು. ನಾನು ಹಿಂಜಿದ ಉಣ್ಣೆ ಯಾವ ಕೆಲಸಕ್ಕೂ ಬರುವಂತಿರಲಿಲ್ಲ, ಅವರೇ ಅದನ್ನು ಮತ್ತೆ ಹಿಂಜಿಕೊಳ್ಳುತ್ತಿದ್ದರು. ಮಳೆಗಾಲ ಕಳೆದು ಚಳಿ ಬಂತು. ಕುರಿಯ ಉಣ್ಣೆಯಲ್ಲಿ ಒಂದು ಜಿಡ್ಡಿರುತ್ತದೆ, ಅದು ಬೆರಳಿಗೆ ಹತ್ತುತ್ತಿತ್ತು, ಒಳ್ಳೆಯದೇ ಆಯಿತೇನೋ. ಮೊದಲು ತೋರುಬೆರಳು ಬಿಟ್ಟಿತು, ಆಮೇಲೆ ಮಧ್ಯದ್ದು. ಕಿರುಬೆರಳು ಬಹಳ ಸತಾಯಿಸಿತು. ಅದೂ ಬಿಟ್ಟ ದಿನ ನಾನು ಸೂಜಿಗೆ ದಾರ ಪೋಣಿಸಿ ದೊಡ್ಡಮ್ಮನ ಮುಂದೆ ಹಿಡಿದೆ. ಅವರು ಸೂಜಿಯನ್ನು ನೋಡಲಿಲ್ಲ. ನನ್ನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. "ಐದೂ ಐದೇ" ಎಂದರು. ಎದ್ದು ಒಳಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ.

ನಾನು ಟೈಲರ್ ಆದೆ. ಮಧುಗಿರಿಯಲ್ಲೇ ಮದುವೆಯಾಯಿತು, ಮನೆಯ ಮುಂದಿನ ಕೋಣೆಯಲ್ಲೇ ಮೆಷಿನ್ ಹಾಕಿದೆ, ಅದರಲ್ಲೇ ಬದುಕು ನಡೆಯಿತು. ದೊಡ್ಡಮ್ಮನಿಗೆ ರವಿಕೆಗಳನ್ನು ಹೊಲಿದುಕೊಟ್ಟೆ, ಎಡತೋಳು ಸ್ವಲ್ಪ ಉದ್ದ ಬಿಟ್ಟು. ಅವರೇನೂ ಹಾಗೆ ಹೇಳಿರಲಿಲ್ಲ. ಮೊದಲ ಸಲ ತೊಟ್ಟು ನೋಡಿ, "ಅಳತೆ ತಪ್ಪೈತೆ ಕಣಮ್ಮಿ, ಇರ್ಲಿ ಬುಡು" ಎಂದು ನಕ್ಕರು.

ಗಂಡ ತೀರಿಕೊಂಡ ಮೇಲೆ ಅವರು ಅಣ್ಣನ ಮಗನ ಮನೆಗೆಂದು ನಿಡುಗಲ್ ಕಡೆಯ ತಮ್ಮ ಹಳ್ಳಿಗೆ ಹೊರಟುಹೋದರು. ಆಗೊಮ್ಮೆ ಈಗೊಮ್ಮೆ ಪಾವಗಡದ ಬಸ್ ಹಿಡಿದು ಹೋಗಿ ನೋಡಿ ಬರುತ್ತಿದ್ದೆ. ಬರಬರುತ್ತಾ ಅದು ಕಡಿಮೆಯಾಯಿತು… ಮಕ್ಕಳ ಪರೀಕ್ಷೆ, ಮದುವೆ ಸೀಸನ್ನಿನ ರವಿಕೆಗಳು, ಏನೋ ಒಂದು. ಅವರು ಹೋದ ಸುದ್ದಿ ನನಗೆ ತಲುಪುವಷ್ಟರಲ್ಲಿ ಮಣ್ಣು ಆಗಿಹೋಗಿತ್ತು. ಆದರೂ ಹೋದೆ.

ಅಣ್ಣನ ಮಗನ ಹೆಂಡತಿ ಬಾಗಿಲಲ್ಲೇ ಇದ್ದಳು. ನಾನು ಯಾರೆಂದು ಹೇಳುವ ಮೊದಲೇ, "ಮಧುಗಿರಿ ಟೈಲರಕ್ಕ ಅಲ್ವಾ?" ಎಂದಳು. ಹೌದು ಎಂದೆ. "ಕೈ ತೋರ್ಸಕ್ಕಾ" ಎಂದಳು.

ನನಗೆ ಅರ್ಥವಾಗಲಿಲ್ಲ. ಬಲಗೈ ಚಾಚಿದೆ. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಒಳಗೆ ತಿರುಗಿ ಯಾರನ್ನೋ ಕರೆದಳು. ಮುದುಕಿಯರಿಬ್ಬರು ಎದ್ದು ಬಂದರು, ಪಕ್ಕದ ಮನೆಯಿಂದಲೂ ಬಂದರು. "ಇದೇನಾ ಆ ಚೆಯ್ಯಿ?" ಎಂದು ಒಬ್ಬಾಕೆ ಕೇಳಿದಳು, ಇದೇನಾ ಆ ಕೈ ಎಂದು.

"ಇದೇ," ಎಂದಳು ಆ ಸೊಸೆ. ಆಮೇಲೆ ನನ್ನ ಕಡೆ ತಿರುಗಿ ಹೇಳಿದಳು: "ಊರ್ ತುಂಬಾ ಹೇಳ್ಕಂಡು ತಿರುಗ್ತಿದ್ಲು ಕಣಕ್ಕಾ ನಮ್ಮತ್ತೆ. ನಂದು ಇನ್ನೊಂದು ಕೈ ಮಧುಗಿರ್ಯಾಗೈತೆ, ಐದು ಬೆಳ್ಳೂ ಆಡ್ತವೆ, ಊರೋರ್ಗೆಲ್ಲಾ ರವಿಕೆ ಹೊಲೀತೈತೆ ಅಂತ."

ನಾನು ಅಲ್ಲೇ ಜಗುಲಿಯ ಮೇಲೆ ಕೂತು ಅತ್ತುಬಿಟ್ಟೆ. ಆ ಹೆಂಗಸರು ನನ್ನ ಕೈಯನ್ನು ಒಬ್ಬರಿಂದ ಒಬ್ಬರು ತೆಗೆದುಕೊಂಡು, ಬೆರಳು ಮಡಚಿ, ಬಿಡಿಸಿ ನೋಡಿದರು. ನಾನು ಬಿಟ್ಟೆ. ಅದು ನನ್ನದೆಂದು ಎಳೆದುಕೊಳ್ಳಲು ನನಗೆ ಆಗಲಿಲ್ಲ.

ಈಗಲೂ ಯಾರಾದರೂ ಮನೆಯಲ್ಲಿ ಹಾಕಿಕೊಳ್ಳುವ ನೈಟಿಗೆಂದು ಮಿರಿಮಿರಿ ಬಟ್ಟೆ ತಂದರೆ, ಒಲೆ ಮುಂದೆ ನಿಲ್ಲುವುದಾದರೆ ಹತ್ತಿ ಬಟ್ಟೆ ತನ್ನಿ, ತೋಳು ಬಿಗಿ ಇಡಿಸಿ ಎಂದು ಬೈದೇ ಕಳಿಸುತ್ತೇನೆ. ಗ್ಯಾಸ್ ಬಂದ ಮೇಲೆ ಇನ್ನೆಲ್ಲಿಯ ಬೆಂಕಿ ಎಂದು ನಗುತ್ತಾರೆ. ನಗಲಿ. ನಾನು ಹೀಗೆ ಬೈಯುವುದನ್ನು ಕೇಳಿದ್ದರೆ ದೊಡ್ಡಮ್ಮನಿಗೆ ಬಹಳ ಸಂತೋಷವಾಗುತ್ತಿತ್ತು. ಅವರಿಗೆ ಒಂದು ದಿನವೂ ನಾನು ಉಪಕಾರವಾಯಿತು ಎಂದು ಬಾಯಿಬಿಟ್ಟು ಹೇಳಲಿಲ್ಲ, ಹೇಳಿದ್ದರೆ ಅದಕ್ಕೂ ಒಂದು ಬೈಗುಳ ಬೀಳುತ್ತಿತ್ತು. ಇದನ್ನು ಬರೆಯುತ್ತಿರುವುದು ಅದೇ ಬಲಗೈ. ದೊಡ್ಡಮ್ಮನಿಗೆ ಓದಲು ಬರುತ್ತಿರಲಿಲ್ಲ. ಅವರು ಬದುಕಿದ್ದಿದ್ದರೆ ಪಕ್ಕದಲ್ಲಿ ಕೂತು ಓದಿ ಹೇಳುತ್ತಿದ್ದೆ.